ಬೂತಾಯಿ ಮೀನು ಮತ್ತು ಬೈರಮಂಗಲದ ತೆಂಗು: ಮೀನಿನ ಗೊಬ್ಬರ ಕೊಳ್ಳುವ ಮುನ್ನ



ಬಿಡದಿ ಬಳಿಯ ಬೈರಮಂಗಲ ಕೆರೆಯ ಅಚ್ಚುಕಟ್ಟಿನಲ್ಲಿಯೂ ಅದರ ಸುತ್ತಣ ಹಳ್ಳಿಗಳಲ್ಲಿಯೂ ಮೀನಿನ ಗೊಬ್ಬರದ ಬಗ್ಗೆ ನಮ್ಮಲ್ಲಿ ವಿಚಾರಿಸುವ ರೈತರು ಹಲವರು. ತೆಂಗಿನ ಬುಡಕ್ಕೆ ಒಣಮೀನಿನ ಪುಡಿ ಹಾಕಬಹುದೇ, ಹಿಪ್ಪುನೇರಳೆಗೆ ಅದು ಒಗ್ಗುತ್ತದೆಯೇ, ನಾಟಿ ಕೋಳಿಗೆ ಫಿಶ್‌ಮೀಲ್ ಕೊಟ್ಟರೆ ಮೊಟ್ಟೆ ಹೆಚ್ಚುತ್ತದೆಯೇ ಎಂಬುವು ಸಾಮಾನ್ಯವಾಗಿ ಕೇಳಿಬರುವ ಪ್ರಶ್ನೆಗಳು. ಇವುಗಳಿಗೆ ಒಂದೆರಡು ಸಾಲಿನಲ್ಲಿ ಉತ್ತರಿಸಿ ಕಳುಹಿಸಬಹುದು. ಆದರೆ ಚೀಲದೊಳಗಿನ ಆ ಪುಡಿ ಎಲ್ಲಿಂದ ಬಂತು, ಅದು ಗೊಬ್ಬರವಾಗುವ ಮೊದಲು ಏನಾಗಿತ್ತು ಎಂಬುದನ್ನು ತಿಳಿಯದೆ ಕೊಡುವ ಉತ್ತರ ಅರ್ಧ ಉತ್ತರವೇ ಸರಿ. ಆದ್ದರಿಂದ ಈ ಲೇಖನದಲ್ಲಿ ಮೊದಲು ನಮ್ಮ ಕರಾವಳಿಯ ಸಂಗತಿಯನ್ನು ಹೇಳಿ, ಅನಂತರ ನಮ್ಮ ಹೊಲ, ತೋಟಗಳಿಗೆ ಬರುತ್ತೇನೆ.

ಮೇವಿನ ಮೀನು ಎಂದರೇನು?

ಸಮುದ್ರದಲ್ಲಿ ಕೆಲವು ಜಾತಿಯ ಸಣ್ಣ ಮೀನುಗಳು ನೀರಿನ ಮೇಲ್ಪದರದಲ್ಲಿ ಲಕ್ಷಾಂತರ ಸಂಖ್ಯೆಯಲ್ಲಿ ಗುಂಪುಗೂಡಿ ಸಂಚರಿಸುತ್ತವೆ. ಅವು ತಿನ್ನುವುದು ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಸಸ್ಯ ಮತ್ತು ಪ್ರಾಣಿ ಜೀವಿಗಳನ್ನು. ಅವನ್ನು ತಿಂದು ಬದುಕುವುವು ಅಂಜಲ್‌ನಂತಹ ದೊಡ್ಡ ಮೀನುಗಳು, ಡಾಲ್ಫಿನ್‌ಗಳು ಮತ್ತು ಕಡಲ ಹಕ್ಕಿಗಳು. ಹೊಲದಲ್ಲಿ ಹಸಿರು ಮೇವು ಬಿಸಿಲಿನ ಶಕ್ತಿಯನ್ನು ಹಸುವಿಗೆ ದಾಟಿಸುವಂತೆ, ಈ ಸಣ್ಣ ಮೀನುಗಳು ಕಡಲಿನ ಸೂಕ್ಷ್ಮ ಜೀವಿಗಳ ಸತ್ತ್ವವನ್ನು ದೊಡ್ಡ ಮೀನುಗಳಿಗೆ ದಾಟಿಸುತ್ತವೆ. ಹಾಗಾಗಿ ಇವನ್ನು ಇಲ್ಲಿ ಮೇವಿನ ಮೀನು ಎಂದು ಕರೆಯುತ್ತೇನೆ.

ಕರ್ನಾಟಕದ ಸುಮಾರು 320 ಕಿ.ಮೀ. ಕರಾವಳಿಯಲ್ಲಿ ಮೇವಿನ ಮೀನುಗಳ ಪೈಕಿ ಮುಖ್ಯವಾದುದು ಎಣ್ಣೆ ಸಾರ್ಡೀನ್. ದಕ್ಷಿಣ ಕನ್ನಡ, ಉಡುಪಿಗಳಲ್ಲಿ ಇದು ಬೂತಾಯಿ ಅಥವಾ ಬೈಗೆ, ಕಾರವಾರದ ಕಡೆ ತಾರ್ಲೆ. ಬಡವರ ಮನೆಯ ಸಾರಿಗೆ ಆಧಾರವಾದ ಮೀನು ಇದೇ. ಇದು ಮುಖ್ಯವಾಗಿ ಮಳೆಗಾಲದ ತಿಂಗಳುಗಳಲ್ಲಿ ಮೊಟ್ಟೆ ಇಡುತ್ತದೆ. ಮುಂಗಾರಿನ ಗಾಳಿಗೆ ಆಳದ ತಂಪಾದ, ಪೋಷಕಾಂಶಭರಿತ ನೀರು ಮೇಲೇರಿ ಸೂಕ್ಷ್ಮ ಸಸ್ಯಜೀವಿಗಳು ಹುಲುಸಾಗಿ ಬೆಳೆಯುವ ಕಾಲವೂ ಅದೇ. ಮರಿಗಳು ಆ ಸಮೃದ್ಧಿಯನ್ನುಂಡು, ಮಳೆ ತಗ್ಗುವ ಹೊತ್ತಿಗೆ ದಡದ ಸಮೀಪಕ್ಕೆ ಗುಂಪುಗುಂಪಾಗಿ ಬರುತ್ತವೆ. ಒಂದು ವರ್ಷದಲ್ಲಿ ಸುಮಾರು 15 ಸೆಂ.ಮೀ. ಬೆಳೆದು ತಾನೂ ಮೊಟ್ಟೆ ಇಡುವಷ್ಟಾಗುತ್ತದೆ. ಆಯುಸ್ಸು ಎರಡೂವರೆ ವರ್ಷದ ಆಸುಪಾಸು. ಇಷ್ಟು ಬೇಗ ಬೆಳೆದು ಬೇಗ ಸಾಯುವ ಜೀವಿಯ ಸಂಖ್ಯೆ ಒಂದೆರಡು ವರ್ಷಗಳಲ್ಲಿ ಉಕ್ಕುವುದೂ ಉಂಟು, ಕುಸಿಯುವುದೂ ಉಂಟು.

ಗಾಳ ಹಾಕುವವರ ಆತಂಕ

ನಮ್ಮ ಕನಕಪುರ ತಾಲ್ಲೂಕಿನವರಿಗೆ ಹವ್ಯಾಸಕ್ಕಾಗಿ ಗಾಳ ಹಾಕುವವರು ಹೊಸಬರಲ್ಲ. ಸಂಗಮದಿಂದ ಮೇಲೆ ಗಾಳಿಬೋರೆ, ಭೀಮೇಶ್ವರಿಗಳಲ್ಲಿ ಮಹಶೀರ್ ಹಿಡಿಯಲು ದೇಶ ವಿದೇಶಗಳಿಂದ ಬರುತ್ತಿದ್ದರು. ಗಾಳಕ್ಕೆ ಅವರು ಸಿಕ್ಕಿಸುತ್ತಿದ್ದುದು ನಮ್ಮದೇ ರಾಗಿ ಹಿಟ್ಟಿನ ಉಂಡೆ. ಹಿಡಿದ ಮೀನನ್ನು ತೂಗಿ, ಚಿತ್ರ ತೆಗೆದು, ಮತ್ತೆ ಹೊಳೆಗೆ ಬಿಡುವುದು ಅಲ್ಲಿಯ ರೂಢಿಯಾಗಿತ್ತು. ಅಭಯಾರಣ್ಯದೊಳಗೆ ಗಾಳದ ವಿನೋದ ನಿಂತು ಹತ್ತು ವರ್ಷಗಳ ಮೇಲಾಯಿತು. ಕಾವೇರಿಯ ಆ ಕಿತ್ತಳೆ ರೆಕ್ಕೆಯ ಮಹಶೀರ್ 2018ರಿಂದ ಅಳಿವಿನ ಅತ್ಯಂತ ಗಂಭೀರ ಅಂಚಿನಲ್ಲಿರುವ ಜೀವಿಗಳ ಪಟ್ಟಿಯಲ್ಲಿದೆ. ಹೊಳೆಯ ಮೀನು ಕಡಿಮೆಯಾಗುತ್ತಿದೆ ಎಂದು ಮೊದಮೊದಲು ಗಟ್ಟಿಯಾಗಿ ಹೇಳಿದವರಲ್ಲಿ ಈ ಗಾಳದವರೂ ಇದ್ದರು. ವಿನೋದಕ್ಕಾಗಿ ಮೀನು ಹಿಡಿಯುವವರ ಮಾತಿಗೇನು ಬೆಲೆ ಎಂದು ತಳ್ಳಿಹಾಕುವಂತಿಲ್ಲ. ವರ್ಷಗಟ್ಟಲೆ ಒಂದೇ ಮಡುವಿನ ಮುಂದೆ ಕುಳಿತವರ ಕಣ್ಣಿಗೆ ಬದಲಾವಣೆ ಬೇಗ ಬೀಳುತ್ತದೆ.

ಇಂಥದೇ ಆತಂಕ ದೊಡ್ಡ ವಿವಾದವಾಗಿ ಬೆಳೆದದ್ದು ಅಮೆರಿಕದ ಪೂರ್ವ ಕರಾವಳಿಯ ಚೆಸಾಪೀಕ್ ಕೊಲ್ಲಿಯಲ್ಲಿ. ಅಲ್ಲಿಯ ಮೇವಿನ ಮೀನಿನ ಹೆಸರು ಮೆನ್ಹೇಡನ್. ಕೃಷಿಕರಾದ ನಮಗೆ ಈ ಹೆಸರೇ ಸ್ವಾರಸ್ಯದ್ದು. ಅಲ್ಲಿಯ ಮೂಲನಿವಾಸಿಗಳ ಭಾಷೆಯಲ್ಲಿ ಅದರ ಮೂಲಪದಕ್ಕೆ ನೆಲವನ್ನು ಫಲವತ್ತಾಗಿಸುವುದು ಎಂಬರ್ಥವಿದೆ. ಮೆಕ್ಕೆಜೋಳದ ಗುಣಿಗೆ ಮೀನು ಹಾಕುವ ಪದ್ಧತಿ ಅಲ್ಲಿ ಅಷ್ಟು ಹಳೆಯದೆಂದು ಹೇಳುತ್ತಾರೆ. ಇಂದು ವರ್ಜೀನಿಯಾದ ರೀಡ್‌ವಿಲ್ ಎಂಬ ಊರಿನಲ್ಲಿ ಮೆನ್ಹೇಡನ್ನನ್ನು ಬೃಹತ್ ಪ್ರಮಾಣದಲ್ಲಿ ಅರೆದು ಫಿಶ್‌ಮೀಲ್ ಮತ್ತು ಮೀನೆಣ್ಣೆ ಮಾಡುವ ಕಾರ್ಖಾನೆ ಇದೆ. ವಿಮಾನದಿಂದ ಮೀನಿನ ಗುಂಪನ್ನು ಗುರುತಿಸಿ, ಸುತ್ತುಬಲೆಯಿಂದ ಇಡೀ ಗುಂಪನ್ನೇ ಬಳಸಿ, ಹಡಗಿನ ಹೊಟ್ಟೆಗೆ ಹೀರಿಕೊಳ್ಳುವ ಕ್ರಮ ಅಲ್ಲಿಯದು. ಪಟ್ಟೆ ಬಾಸ್ ಎಂಬ ದೊಡ್ಡ ಮೀನನ್ನು ಗಾಳದಿಂದ ಹಿಡಿಯುವ ಹವ್ಯಾಸಿಗಳು, ಮೇವು ತೆಗೆದರೆ ಮೇಯುವ ಮೀನು ಎಲ್ಲಿಂದ ಬರಬೇಕು ಎಂದು ಕೇಳತೊಡಗಿದರು.

ಅಲ್ಲಿಯ ಅಂತರರಾಜ್ಯ ಮೀನುಗಾರಿಕಾ ಆಯೋಗವು ಕೊಲ್ಲಿಯೊಳಗೆ ಕೈಗಾರಿಕೆಗಾಗಿ ಹಿಡಿಯಬಹುದಾದ ಮೀನಿಗೆ ವಾರ್ಷಿಕ ಮಿತಿ ಹಾಕಿತು. ಆರಂಭದಲ್ಲಿ 1 ಲಕ್ಷ ಟನ್ನಿಗೂ ಮೇಲಿದ್ದ ಆ ಮಿತಿಯನ್ನು 2017ರ ತಿದ್ದುಪಡಿಯಲ್ಲಿ 51,000 ಟನ್ನಿಗೆ ಇಳಿಸಲಾಯಿತು. 2019ರಲ್ಲಿ ಮಿತಿ ಮೀರಿದಾಗ, ಅಮೆರಿಕದ ವಾಣಿಜ್ಯ ಇಲಾಖೆಯೇ ಮಧ್ಯೆ ಬಂದು ವರ್ಜೀನಿಯಾ ರಾಜ್ಯ ನಿಯಮ ಪಾಲಿಸಿಲ್ಲವೆಂದು ತೀರ್ಮಾನಿಸಿತು. 2020ರಲ್ಲಿ ಆಯೋಗವು ಇನ್ನೊಂದು ಮುಖ್ಯ ನಿರ್ಧಾರ ಕೈಗೊಂಡಿತು. ಎಷ್ಟು ಮೆನ್ಹೇಡನ್ ಹಿಡಿಯಬಹುದು ಎಂಬ ಲೆಕ್ಕದಲ್ಲಿ ಅದನ್ನು ತಿನ್ನುವ ಮೀನುಗಳ ಪಾಲನ್ನೂ ಎಣಿಸಬೇಕು ಎಂಬುದೇ ಆ ನಿರ್ಧಾರ. ಕಾರ್ಖಾನೆಯ ಪರ ವಾದವನ್ನೂ ಹೇಳಬೇಕು: ಇಡೀ ಕರಾವಳಿಯ ಲೆಕ್ಕದಲ್ಲಿ ಮೆನ್ಹೇಡನ್ ಅತಿಯಾಗಿ ಹಿಡಿಯಲ್ಪಟ್ಟಿಲ್ಲವೆಂದೇ ಆಯೋಗದ ಅಂದಾಜುಗಳು ಹೇಳುತ್ತ ಬಂದಿವೆ, ಕಾರ್ಖಾನೆಯನ್ನು ನೂರಾರು ಕುಟುಂಬಗಳು ನಂಬಿವೆ. ಇಡೀ ಕರಾವಳಿಯಲ್ಲಿ ಮೀನು ಸಾಕಷ್ಟಿದ್ದರೂ ಒಂದು ಕೊಲ್ಲಿಯಲ್ಲಿ ಖಾಲಿಯಾಗಬಹುದೇ ಎಂಬುದು ಅಲ್ಲಿಯ ವಾದದ ತಿರುಳು. ಸರಾಸರಿ ಮಳೆ ಚೆನ್ನಾಗಿದೆ ಎಂದ ಮಾತ್ರಕ್ಕೆ ನಿಮ್ಮ ಹೊಲದ ಮೇಲೆ ಮಳೆ ಬಿದ್ದಿರಬೇಕೆಂದೇನೂ ಇಲ್ಲ ಎಂಬುದು ನಿಮಗೆ ಗೊತ್ತಿರುವ ವಿಷಯವೇ.

ನಮ್ಮ ಕರಾವಳಿಯಲ್ಲಿ ಆದದ್ದೇನು?

ಬೂತಾಯಿಯನ್ನು ಅರೆದು ಎಣ್ಣೆ ಮತ್ತು ಗೊಬ್ಬರ ಮಾಡುವುದು ಈಚಿನ ಕಸುಬಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ, ದಕ್ಷಿಣ ಕನ್ನಡವು ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದಾಗ, ಮೀನುಗಾರಿಕೆ ಇಲಾಖೆಯ ಮೊದಲಿಗರಾದ ಫ್ರೆಡರಿಕ್ ನಿಕೋಲ್ಸನ್ ಅವರು ಮಲಬಾರ್ ಮತ್ತು ದಕ್ಷಿಣ ಕನ್ನಡದ ದಡದಲ್ಲಿ ಎಣ್ಣೆ ತೆಗೆದು ಉಳಿದುದನ್ನು ಒಣಗಿಸಿ ಗೊಬ್ಬರ ಮಾಡುವ ಶುಚಿಯಾದ ಕ್ರಮವನ್ನು ಪ್ರಚುರಪಡಿಸಿದರು. ಆ ಗೊಬ್ಬರ ತೋಟದ ಬೆಳೆಗಳಿಗೆ ಹೋಗುತ್ತಿತ್ತು. 1940ರ ದಶಕದಲ್ಲಿ ಬೂತಾಯಿ ತೀರ ಕಡಿಮೆಯಾದಾಗ, ಮರಿ ಮೀನು ಹಿಡಿಯುವ ಕೆಲವು ಬಲೆಗಳಿಗೆ ಮದ್ರಾಸ್ ಸರ್ಕಾರ ನಿರ್ಬಂಧ ಹಾಕಿ, ಕೆಲವೇ ವರ್ಷಗಳಲ್ಲಿ ಅದನ್ನು ಹಿಂದೆಗೆಯಿತು. ಮರಿ ಮೀನನ್ನು ಕುರಿತ ಚರ್ಚೆಗೆ ಎಂಬತ್ತು ವರ್ಷವಾಯಿತು ಎಂದಾಯಿತು.

ಆಗ ಮೀನು ಹಿಡಿಯುತ್ತಿದ್ದುದು ರಂಪಣಿ ಬಲೆಯಿಂದ. ಊರಿಗೆ ಊರೇ ದಡದಲ್ಲಿ ನಿಂತು, ಎರಡು ಕಡೆಯ ಹಗ್ಗ ಎಳೆದು, ಬಂದ ಮೀನನ್ನು ಪಾಲು ಮಾಡಿಕೊಳ್ಳುವ ಬಲೆ ಅದು. ಮೀನು ದಡಕ್ಕೆ ಬಂದರೆ ಮಾತ್ರ ಹಿಡಿಯಲು ಸಾಧ್ಯ. 1970ರ ದಶಕದ ನಡುವಿನಲ್ಲಿ ಯಂತ್ರದೋಣಿಗಳ ಪರ್ಸೀನ್ ಬಲೆ ಬಂತು. ಮೀನಿನ ಗುಂಪು ಇದ್ದಲ್ಲಿಗೇ ಹೋಗಿ, ಸುತ್ತ ಬಲೆ ಇಳಿಸಿ, ತಳವನ್ನು ಹಣದ ಚೀಲದ ಬಾಯಿಯಂತೆ ಬಿಗಿಯುವ ಬಲೆ ಇದು. ಕೆಲವೇ ವರ್ಷಗಳಲ್ಲಿ ರಂಪಣಿಯ ಕಾಲ ಮುಗಿಯಿತು, ಸಾಂಪ್ರದಾಯಿಕ ಮೀನುಗಾರರಿಗೂ ಪರ್ಸೀನ್ ದೋಣಿಗಳವರಿಗೂ ಕಲಹಗಳಾದವು. 1986ರಲ್ಲಿ ಕರ್ನಾಟಕ ಕಡಲ ಮೀನುಗಾರಿಕೆ ನಿಯಂತ್ರಣ ಅಧಿನಿಯಮ ಬಂತು. ಈಗ ಪ್ರತಿವರ್ಷ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಂತ್ರದೋಣಿಗಳು ಕಡಲಿಗಿಳಿಯುವಂತಿಲ್ಲ. ಪ್ರಖರ ಬೆಳಕು ಬಿಟ್ಟು ಮೀನನ್ನು ಸೆಳೆದು ಹಿಡಿಯುವುದನ್ನೂ ಎರಡು ದೋಣಿಗಳ ನಡುವೆ ಬಲೆ ಎಳೆಯುವ ಬುಲ್ ಟ್ರಾಲಿಂಗನ್ನೂ ಕೇಂದ್ರ ಸರ್ಕಾರ 2017ರ ನವೆಂಬರಿನಲ್ಲಿ ನಿಷೇಧಿಸಿದೆ. ನಿಷೇಧದ ಬಳಿಕವೂ ಬೆಳಕಿನ ಮೀನುಗಾರಿಕೆ ನಡೆಯುತ್ತಿದೆ ಎಂದು ನಾಡದೋಣಿಯವರು ಮತ್ತೆ ಮತ್ತೆ ಬೀದಿಗಿಳಿದಿದ್ದಾರೆ.

ದಕ್ಕೆಯಲ್ಲಿ ಬೂತಾಯಿ ರಾಶಿ ಬಿದ್ದು ಬೆಲೆ ಕುಸಿದ ದಿನ ಉಳಿದ ಮೀನು ಮಂಗಳೂರು, ಉಳ್ಳಾಲ, ಉಡುಪಿ ಕಡೆಯ ಫಿಶ್‌ಮೀಲ್ ಕಾರ್ಖಾನೆಗಳಿಗೆ ಹೋಗುತ್ತದೆ. ಅದರಲ್ಲಿ ತಪ್ಪೇನೂ ಇಲ್ಲ, ಕೊಳೆಯುವ ಮೀನಿಗೆ ಒಂದು ಬೆಲೆ ಸಿಕ್ಕಂತಾಯಿತು. ತೊಂದರೆ ಆರಂಭವಾಗುವುದು ಕಾರ್ಖಾನೆಯ ಹಸಿವು ದೋಣಿಯ ಲೆಕ್ಕಾಚಾರದೊಳಗೆ ಸೇರಿಕೊಂಡಾಗ. ತಿನ್ನಲು ಬಾರದ ಮರಿ ಮೀನಿಗೂ ಕಿಲೋಗೆ ಇಷ್ಟು ಎಂಬ ಬೆಲೆ ಖಾತ್ರಿಯಾದರೆ, ಅದನ್ನು ಮರಳಿ ಕಡಲಿಗೆ ಬಿಡುವವರು ಯಾರು? ಟ್ರಾಲ್ ದೋಣಿಗಳು ತರುವ ಕಸ ಮೀನಿನಲ್ಲಿ ಪಾಂಬೋಲು, ಮದ್ಮಲ್, ಬೊಂಡಾಸ್‌ಗಳ ಮರಿಗಳೂ ಇರುತ್ತವೆ. ಒಂದು ವರ್ಷ ಬಿಟ್ಟಿದ್ದರೆ ಅವು ಹಲವು ಪಟ್ಟು ತೂಗಿ, ಹಲವು ಪಟ್ಟು ಬೆಲೆ ತರುತ್ತಿದ್ದವು. ಎಳೆಯ ತೆನೆಯನ್ನು ಕೊಯ್ದು ದನಕ್ಕೆ ಹಾಕಿದ ಹಾಗೆ ಇದು.

ನೆರೆಯ ಕೇರಳದ ಅಂಕಿಗಳನ್ನು ನೋಡಿ. ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಲೆಕ್ಕದಂತೆ 2012ರಲ್ಲಿ ಅಲ್ಲಿ 4 ಲಕ್ಷ ಟನ್ನಿಗೆ ಸಮೀಪ ಬೂತಾಯಿ ಸಿಕ್ಕಿತ್ತು. 2021ರಲ್ಲಿ ಸಿಕ್ಕಿದ್ದು 3,297 ಟನ್ ಮಾತ್ರ. ಇದಕ್ಕೆ ಬಲೆಯೊಂದೇ ಕಾರಣವೆಂದು ಹೇಳುವುದು ಸರಿಯಲ್ಲ. ಎಲ್‌ನಿನೋ ವರ್ಷಗಳಲ್ಲಿ ಕಡಲ ನೀರು ಬಿಸಿಯಾಗುವುದು, ಮಳೆಯ ಏರುಪೇರು, ಆಹಾರದ ಕೊರತೆ ಇವೂ ಸೇರಿವೆ. ಯಂತ್ರದೋಣಿಗಳು ಇಲ್ಲದಿದ್ದ 1940ರ ದಶಕದಲ್ಲಿಯೂ ಈ ಮೀನು ಕುಸಿದಿತ್ತು ಎಂಬುದನ್ನು ಮರೆಯಬಾರದು. ಆದರೆ ಪ್ರಕೃತಿಯೇ ಕೈಕೊಟ್ಟ ವರ್ಷದಲ್ಲಿ ಉಳಿದ ಮರಿಗಳನ್ನೂ ಬಾಚಿದರೆ ಚೇತರಿಕೆ ತಡವಾಗುತ್ತದೆ. ಬರಗಾಲದಲ್ಲಿ ಬಿತ್ತನೆ ಬೀಜ ತಿಂದವನ ಕಷ್ಟ ಮರುವರ್ಷ ಮಳೆ ಬಂದಾಗ ಗೊತ್ತಾಗುತ್ತದೆ. ಕೇರಳ ಸರ್ಕಾರ 2015ರಲ್ಲಿ 10 ಸೆಂ.ಮೀ.ಗಿಂತ ಚಿಕ್ಕ ಬೂತಾಯಿ ಹಿಡಿಯುವುದನ್ನು ನಿಷೇಧಿಸಿದ್ದು ಈ ಕಾರಣಕ್ಕಾಗಿಯೇ.

ಒಂದು ತೆಂಗಿನ ಮರ, ಸಾವಿರಾರು ಮೀನು

ಈಗ ನಮ್ಮ ತೋಟಕ್ಕೆ ಬರೋಣ. ಮೀನಿನ ಗೊಬ್ಬರ ಒಳ್ಳೆಯ ಗೊಬ್ಬರವೇ, ಅದರಲ್ಲಿ ಅನುಮಾನವಿಲ್ಲ. ಅದರಲ್ಲಿ ಶೇ. 4ರಿಂದ 10ರಷ್ಟು ಸಾರಜನಕ, ಶೇ. 3ರಿಂದ 9ರಷ್ಟು ರಂಜಕ ಇರುತ್ತದೆ. ಬೇಗ ಕಳಿತು ಬೆಳೆಗೆ ಬೇಗ ಒದಗುತ್ತದೆ. ಪೊಟ್ಯಾಷ್ ಮಾತ್ರ ಶೇ. 0.3ರಿಂದ 1.5 ಅಷ್ಟೇ.

ಫಲ ಬಿಡುವ ಒಂದು ತೆಂಗಿನ ಮರಕ್ಕೆ ವರ್ಷಕ್ಕೆ ಶಿಫಾರಸು ಮಾಡಿರುವುದು 500 ಗ್ರಾಂ ಸಾರಜನಕ, 320 ಗ್ರಾಂ ರಂಜಕ ಮತ್ತು 1,200 ಗ್ರಾಂ ಪೊಟ್ಯಾಷ್, ಜೊತೆಗೆ 50 ಕಿ.ಗ್ರಾಂ ಕೊಟ್ಟಿಗೆ ಗೊಬ್ಬರ. ತೆಂಗು ಎಲ್ಲಕ್ಕಿಂತ ಹೆಚ್ಚಾಗಿ ಕೇಳುವುದು ಪೊಟ್ಯಾಷನ್ನು. ಶೇ. 5 ಸಾರಜನಕವಿರುವ ಮೀನಿನ ಗೊಬ್ಬರದಿಂದಲೇ 500 ಗ್ರಾಂ ಸಾರಜನಕ ಕೊಡಬೇಕೆಂದರೆ 10 ಕಿ.ಗ್ರಾಂ ಗೊಬ್ಬರ ಬೇಕು. ಅದರಿಂದ ಸಿಗುವ ಪೊಟ್ಯಾಷ್ ಹೆಚ್ಚೆಂದರೆ 150 ಗ್ರಾಂ. ಉಳಿದ ಒಂದು ಕಿಲೋಗೂ ಮಿಕ್ಕ ಪೊಟ್ಯಾಷನ್ನು ಬೇರೆಡೆಯಿಂದ ತರಲೇಬೇಕು. ಬೇವಿನ ಹಿಂಡಿಯಲ್ಲಿ ಶೇ. 5.2, ಹೊಂಗೆ ಹಿಂಡಿಯಲ್ಲಿ ಸುಮಾರು ಶೇ. 4 ಸಾರಜನಕವಿದೆ. ಅಂದರೆ 9.6 ಕಿ.ಗ್ರಾಂ ಬೇವಿನ ಹಿಂಡಿ ಅಥವಾ 12.5 ಕಿ.ಗ್ರಾಂ ಹೊಂಗೆ ಹಿಂಡಿ ಅದೇ ಕೆಲಸ ಮಾಡುತ್ತದೆ. ಹಿಂಡಿಗಳಲ್ಲೂ ಪೊಟ್ಯಾಷ್ ಕಡಿಮೆಯೇ. ಆದರೆ ಸಾರಜನಕ ನಿಧಾನವಾಗಿ ಬಿಡುಗಡೆಯಾಗುವುದರಿಂದ ಮಳೆಗೆ ಬಸಿದು ಹೋಗುವುದು ಕಡಿಮೆ, ಬೇವಿನ ಹಿಂಡಿಯಿಂದ ಗೊಣ್ಣೆಹುಳುವಿನ ಬಾಧೆಯೂ ತಗ್ಗುತ್ತದೆ. ಹೊಂಗೆಯಂತೂ ನಮ್ಮ ಬದುಗಳ ಮೇಲೆಯೇ ಇದೆ.

ಆ 10 ಕಿ.ಗ್ರಾಂ ಮೀನಿನ ಗೊಬ್ಬರದ ಹಿಂದೆ ಎಷ್ಟು ಮೀನಿದೆ? 1 ಕಿ.ಗ್ರಾಂ ಒಣ ಪುಡಿಗೆ 4ರಿಂದ 5 ಕಿ.ಗ್ರಾಂ ಹಸಿ ಮೀನು ಬೇಕು. ಅಂದರೆ ಒಂದು ಮರಕ್ಕೆ ಸುಮಾರು 45 ಕಿ.ಗ್ರಾಂ. ಅದು 10 ಸೆಂ.ಮೀ. ಗಾತ್ರದ, ಸುಮಾರು 10 ಗ್ರಾಂ ತೂಗುವ ಮರಿ ಬೂತಾಯಿಯಾಗಿದ್ದರೆ 4,500 ಮೀನು. ಎಕರೆಗೆ 70 ಮರವೆಂದು ಹಿಡಿದರೆ 3 ಲಕ್ಷ ದಾಟುತ್ತದೆ. ಇಷ್ಟನ್ನೂ ಹಾಕಿದ ಮೇಲೆ ತೆಂಗು ಪೊಟ್ಯಾಷಿಗಾಗಿ ಬಾಯಿ ಬಿಟ್ಟುಕೊಂಡೇ ಇರುತ್ತದೆ. ಇದು ನನ್ನ ದೃಷ್ಟಿಯಲ್ಲಿ ಲಾಭದ ವ್ಯವಹಾರವಲ್ಲ.

ಬೈರಮಂಗಲ ಕೆರೆಯ ನೀರು ಹಾಯಿಸುವವರಿಗೆ ಇನ್ನೊಂದು ಲೆಕ್ಕವಿದೆ. ವೃಷಭಾವತಿಯು ಬೆಂಗಳೂರಿನ ಕೊಳಚೆಯನ್ನು ಹೊತ್ತು ತರುತ್ತದೆ, ಕೊಳಚೆಯೊಡನೆ ಸಾರಜನಕ ಮತ್ತು ರಂಜಕವೂ ಬರುತ್ತವೆ. ನೀರಿನಲ್ಲಿ ಲೀಟರಿಗೆ 20 ಮಿ.ಗ್ರಾಂ ಸಾರಜನಕ ಇದೆಯೆಂದು ಇಟ್ಟುಕೊಳ್ಳಿ. ಎಕರೆಗೆ ಒಂದು ಅಂಗುಲ ನೀರೆಂದರೆ ಸುಮಾರು 1 ಲಕ್ಷ ಲೀಟರ್. ಅದರಲ್ಲಿ 2 ಕಿ.ಗ್ರಾಂ ಸಾರಜನಕ ಬಂತು. ಎರಡು ಅಂಗುಲದಂತೆ ವರ್ಷಕ್ಕೆ 20 ಬಾರಿ ಹಾಯಿಸಿದರೆ 80 ಕಿ.ಗ್ರಾಂ. 70 ತೆಂಗಿನ ಮರಗಳಿಗೆ ಬೇಕಾದ ಒಟ್ಟು ಸಾರಜನಕ 35 ಕಿ.ಗ್ರಾಂ ಮಾತ್ರ! ನಾಲೆಯ ನೀರಿನ ಗದ್ದೆಗಳಲ್ಲಿ ಭತ್ತ ಹುಲ್ಲಾಗಿ ಎದ್ದು, ಕಾಳು ಕಟ್ಟದೆ ಒರಗಿದ್ದನ್ನು ಹಿರಿಯರು ಕಂಡಿದ್ದಾರೆ. ಅಂಥ ಜಮೀನಿಗೆ ಮೀನಿನ ಗೊಬ್ಬರ ಹಾಕುವುದು ಹಣವನ್ನು ನಾಲೆಗೆ ಸುರಿದಂತೆ. ಮೊದಲು ಮಣ್ಣು ಮತ್ತು ನೀರು ಎರಡನ್ನೂ ಪರೀಕ್ಷೆ ಮಾಡಿಸಿ. ಅಲ್ಲಿ ತೆಂಗಿಗೆ ಕೊರತೆಯಾಗುವುದು ಹೆಚ್ಚಾಗಿ ಪೊಟ್ಯಾಷಿನದು. ಮರಕ್ಕೆ 2 ಕಿ.ಗ್ರಾಂ ಮ್ಯೂರಿಯೇಟ್ ಆಫ್ ಪೊಟ್ಯಾಷಿನಿಂದ 1,200 ಗ್ರಾಂ ದೊರೆಯುತ್ತದೆ. ಆದರೆ ನೀರಿನಲ್ಲಿ ಈಗಾಗಲೇ ಕ್ಲೋರೈಡ್ ಹೆಚ್ಚಿದ್ದರೆ ಸಲ್ಫೇಟ್ ರೂಪದ ಪೊಟ್ಯಾಷ್ ಲೇಸು. ಅದೇ ಕಾರಣಕ್ಕೆ ದಡದ ಮರಳಿನ ಮೇಲೆ ಉಪ್ಪು ಬೆರೆಸಿ ಒಣಗಿಸಿದ ಅಗ್ಗದ ಮೀನಿನ ಪುಡಿಯನ್ನು ಇಂಥ ಜಮೀನಿಗೆ ತರಲೇಬಾರದು. ಅದು ಉಪ್ಪಿನ ಮೇಲೆ ಉಪ್ಪು ಹಾಕಿದಂತಾಗುತ್ತದೆ.

ಹಾಗಾದರೆ ಕೆರೆಯಲ್ಲೇ ಸಿಗುವ, ಇಲ್ಲವೇ ಸತ್ತು ತೇಲುವ ಮೀನನ್ನು ಗೊಬ್ಬರ ಮಾಡಬಹುದಲ್ಲ ಎಂದು ಕೇಳುವವರಿದ್ದಾರೆ. ಬೇಡ. ಕೈಗಾರಿಕೆಗಳ ತ್ಯಾಜ್ಯ ಸೇರುವ ಆ ನೀರಿನ ಮೀನಿನ ಮೈಯಲ್ಲಿ ಭಾರಲೋಹಗಳು ಸಂಗ್ರಹವಾಗಿರುವ ಸಂಭವವಿದೆ. ಅದನ್ನು ಕೋಳಿಗೂ ಹಾಕಬಾರದು, ತರಕಾರಿ ಮಡಿಗೂ ಹಾಕಬಾರದು.

ರಾಮನಗರದಲ್ಲೇ ಇರುವ ಬದಲಿ

ಕೋಳಿ ಮತ್ತು ಕೆರೆ ಮೀನು ಸಾಕುವವರಿಗೆ ಫಿಶ್‌ಮೀಲಿನ ವಿಷಯ ಗೊಬ್ಬರದಷ್ಟು ಸುಲಭವಲ್ಲ. ಅದರಲ್ಲಿ ಶೇ. 50ರಿಂದ 65ರಷ್ಟು ಸಸಾರಜನಕವಿದ್ದು, ಹಿಂಡಿಗಳಲ್ಲಿ ಕಡಿಮೆಯಿರುವ ಲೈಸಿನ್, ಮಿಥಿಯೋನಿನ್‌ಗಳು ಚೆನ್ನಾಗಿರುತ್ತವೆ. ಇದಕ್ಕೆ ಬದಲಿಯನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಏಷ್ಯಾದಲ್ಲೇ ದೊಡ್ಡದೆಂದು ಹೆಸರಾದ ಗೂಡಿನ ಮಾರುಕಟ್ಟೆ ನಮ್ಮ ಜಿಲ್ಲಾ ಕೇಂದ್ರದಲ್ಲಿದೆ. ಅಲ್ಲಿಂದ ಗೂಡು ಕೊಂಡ ರೀಲರ್‌ಗಳು ನೂಲು ಬಿಚ್ಚಿದ ಮೇಲೆ ಉಳಿಯುವ ಪ್ಯೂಪಾ, ಅಂದರೆ ಬೆಂದ ಹುಳು, ಸಸಾರಜನಕದ ಗಣಿ. 1 ಕಿ.ಗ್ರಾಂ ಕಚ್ಚಾ ರೇಷ್ಮೆ ತೆಗೆದಾಗ ಸುಮಾರು 8 ಕಿ.ಗ್ರಾಂ ಹಸಿ ಪ್ಯೂಪಾ ಉಳಿಯುತ್ತದೆ, ಒಣಗಿಸಿದರೆ 2 ಕಿ.ಗ್ರಾಂ. ಒಣ ಪ್ಯೂಪಾದಲ್ಲಿ ಶೇ. 50ರಿಂದ 55ರಷ್ಟು ಸಸಾರಜನಕ, ಶೇ. 25ರಿಂದ 30ರಷ್ಟು ಎಣ್ಣೆ ಇರುತ್ತದೆ. ಎಣ್ಣೆ ತೆಗೆದ ಪ್ಯೂಪಾ ಹಿಂಡಿಯಲ್ಲಿ ಸಸಾರಜನಕ ಇನ್ನೂ ಹೆಚ್ಚು. ಫಿಶ್‌ಮೀಲಿನ ಒಂದು ಭಾಗವನ್ನು ಇದರಿಂದ ತುಂಬಿಸಬಹುದೆಂಬುದು ಕೋಳಿಯಲ್ಲೂ ಮೀನಿನಲ್ಲೂ ಸ್ಥಿರಪಟ್ಟಿರುವ ಸಂಗತಿ. ಎಣ್ಣೆ ಮತ್ತು ಮೇವಿನ ವ್ಯಾಪಾರಿಗಳು ಇದನ್ನು ಈಗಾಗಲೇ ಕೊಳ್ಳುತ್ತಾರೆ. ಆದರೆ ಪಕ್ಕದ ಹಳ್ಳಿಯಲ್ಲಿ ಕೋಳಿ ಸಾಕುವವರಿಗೆ ಮಾತ್ರ ಇದರ ನೆನಪಾಗುವುದಿಲ್ಲ.

ಕಷ್ಟವಿರುವುದು ಒಣಗಿಸುವುದರಲ್ಲಿ. ಬಾಣಲೆಯಿಂದ ಹೊರಬಿದ್ದ ಹುಳು ಅರ್ಧ ದಿನದಲ್ಲಿ ನಾರತೊಡಗುತ್ತದೆ. ಅದೇ ದಿನ ತಂದು, ಶುದ್ಧ ನೀರಿನಲ್ಲಿ ತೊಳೆದು, ಟಾರ್ಪಾಲಿನ ಮೇಲೆ ತೆಳುವಾಗಿ ಹರಡಿ, ಬಿಸಿಲಿನಲ್ಲಿ ಆಗಾಗ ಕೈಯಾಡಿಸುತ್ತಿರಬೇಕು. ಬೆರಳಿನಿಂದ ಒತ್ತಿದರೆ ಪುಡಿಯಾಗಬೇಕು, ಮೆತ್ತಗಾಗಬಾರದು. ಮೋಡದ ದಿನಗಳಲ್ಲಿ ಈ ಸಾಹಸ ಬೇಡ, ಬೂಸ್ಟು ಹಿಡಿದ ಪ್ಯೂಪಾ ಕೋಳಿಗೆ ವಿಷ. ಎಣ್ಣೆಯಂಶ ಹೆಚ್ಚಿರುವುದರಿಂದ ಒಣಗಿಸಿದ್ದನ್ನೂ ಮೂರು, ನಾಲ್ಕು ವಾರಕ್ಕಿಂತ ಹೆಚ್ಚು ಇಡಬಾರದು. ಇಟ್ಟರೆ ಕಮಟು ಹಿಡಿಯುತ್ತದೆ. ಹಿತ್ತಲ ಕೋಳಿಗೆ 100 ಕಿ.ಗ್ರಾಂ ಮೇವಿನಲ್ಲಿ 5 ಕಿ.ಗ್ರಾಂ ಮೀರದಂತೆ ಬೆರೆಸಿ ಆರಂಭಿಸಿ. ಹೆಚ್ಚಾದರೆ ಮೊಟ್ಟೆಗೂ ಮಾಂಸಕ್ಕೂ ವಾಸನೆ ಬರುತ್ತದೆ. ರೇಷ್ಮೆ ಸಾಕುವ ಮನೆಯವರು ಪ್ಯೂಪಾ ಚೀಲವನ್ನು ಹುಳುಮನೆಯ ಹತ್ತಿರ ಇಡಲೇಬಾರದು. ಒಣ ಪ್ಯೂಪಾದಲ್ಲಿ ಡರ್ಮೆಸ್ಟಿಡ್ ದುಂಬಿಗಳು ಸಂತಾನ ಹೆಚ್ಚಿಸಿಕೊಂಡು, ಆಮೇಲೆ ಗೂಡುಗಳಿಗೇ ಬೀಳುತ್ತವೆ.

ಮೀನಿನ ಗೊಬ್ಬರವೇ ಬೇಕು ಎನ್ನುವವರು ಇಡೀ ಮೀನನ್ನು ಬಿಟ್ಟು, ಬಿಡದಿ ಮತ್ತು ರಾಮನಗರದ ಮೀನಿನ ಅಂಗಡಿಗಳಲ್ಲಿ ಎಸೆಯುವ ತಲೆ, ಕರುಳು, ರೆಕ್ಕೆಗಳನ್ನು ಬಳಸಲಿ. ಇವಕ್ಕೆ ಸಮತೂಕ ಬೆಲ್ಲ ಬೆರೆಸಿ, ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಮೂರನೇ ಒಂದು ಭಾಗ ಖಾಲಿ ಬಿಟ್ಟು, ಬಾಯಿಗೆ ಬಟ್ಟೆ ಕಟ್ಟಿ ನೆರಳಿನಲ್ಲಿಡಿ. ಮೂರು, ನಾಲ್ಕು ವಾರದಲ್ಲಿ ಕಂದು ಬಣ್ಣದ ದ್ರವ ಸಿದ್ಧವಾಗುತ್ತದೆ. ಸೋಸಿ, ಲೀಟರ್ ನೀರಿಗೆ 5 ಮಿ.ಲೀ.ನಂತೆ ಬೆರೆಸಿ ತರಕಾರಿ ಬೆಳೆಗೆ ಸಂಜೆ ಸಿಂಪಡಿಸಬಹುದು. ಇದು ಪೂರಕ ಮಾತ್ರ, ಬುಡದ ಗೊಬ್ಬರಕ್ಕೆ ಬದಲಿಯಲ್ಲ. ಹುಳುವಿಗೆ ಕೊಯ್ಯುವ ಹಿಪ್ಪುನೇರಳೆ ಸೊಪ್ಪಿನ ಮೇಲೆ ಇದನ್ನು ಸಿಂಪಡಿಸಬೇಡಿ.

ವಿಸ್ತರಣಾ ಕಾರ್ಯಕರ್ತರಿಗೆ

ತಮ್ಮ ಬಳಿ ಮೀನಿನ ಗೊಬ್ಬರದ ಪ್ರಶ್ನೆ ಬಂದಾಗ, ಬೇಡ ಎಂದಷ್ಟೇ ಹೇಳಿ ಮುಗಿಸದೆ ಮೇಲಿನ ಪೊಟ್ಯಾಷ್ ಲೆಕ್ಕವನ್ನು ರೈತರ ಎದುರಿಗೇ ಹಾಕಿ ತೋರಿಸಿ. ಗೊಬ್ಬರದ ಚೀಲ ಕೊಂಡವರಿದ್ದರೆ ಬಿಚ್ಚಿ ನೋಡಿ. ಕೊಚ್ಚಿದ ತಲೆ, ಮುಳ್ಳು ಕಂಡರೆ ಅದು ಸಂಸ್ಕರಣೆಯ ಉಳಿಕೆ; ಬೆರಳುದ್ದದ ಇಡೀ ಮೀನುಗಳು ಕಂಡರೆ ಅದು ಮರಿ ಮೀನು. ಮೊದಲನೆಯದನ್ನು ಬಳಸಲು ಅಡ್ಡಿಯಿಲ್ಲ. ಕಸ ಮೀನಿನಿಂದ ಮಾಡಿದ್ದು ಎಂದು ಮಾರಾಟಗಾರ ಹೇಳಿದರೆ, ಅದು ನಿಜವಾಗಿ ಕಸವಲ್ಲ ಎಂಬುದನ್ನು ತಿಳಿಸಿಕೊಡಬೇಕಾದವರು ತಾವು. ಕರಾವಳಿಯ ಸಹೋದ್ಯೋಗಿಗಳ ಅನುಭವವನ್ನೂ ಕೇಳಿ. 1969ರಲ್ಲಿ ಮಂಗಳೂರಿನ ಮೀನುಗಾರಿಕಾ ಕಾಲೇಜು ಆರಂಭವಾದದ್ದು ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ಅಡಿಯಲ್ಲೇ ಎಂಬುದನ್ನು ಇಂದಿನ ಎಳೆಯ ಅಧಿಕಾರಿಗಳಲ್ಲಿ ಹಲವರು ಅರಿಯರು. ಗದ್ದೆಯವರೂ ಕಡಲಿನವರೂ ಒಂದೇ ಸೂರಿನಡಿ ಕುಳಿತು ಮಾತನಾಡುತ್ತಿದ್ದ ಕಾಲ ಅದು.

ಮೀನಿನ ಗೊಬ್ಬರವನ್ನು ಈಗಾಗಲೇ ಕೊಂಡಿರುವ ರೈತರು ಹಾಕುವ ಮುನ್ನ ಒಂದು ಸರಳ ಪರೀಕ್ಷೆ ಮಾಡಿ. ಒಂದು ಹಿಡಿ ಪುಡಿಯನ್ನು ಒಂದು ಲೀಟರ್ ನೀರಿನಲ್ಲಿ ಕಲಕಿ ಹತ್ತು ನಿಮಿಷ ಬಿಡಿ. ತಳದಲ್ಲಿ ಮರಳು ನಿಂತರೆ ಅದು ನೀವು ಹಣ ಕೊಟ್ಟು ಕೊಂಡ ಮರಳು. ಉಪ್ಪಿನಂಶವನ್ನು ತಿಳಿಯಲು ಅರ್ಧ ಕಿಲೋ ಮಾದರಿಯನ್ನು ಒಣ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ತೋಟದ ಮಣ್ಣು ಮತ್ತು ಒಂದು ಲೀಟರ್ ನೀರಾವರಿ ನೀರಿನೊಡನೆ ಮಾಗಡಿ ತಾಲ್ಲೂಕು ಚಂದೂರಾಯನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರಕ್ಕೆ ತಂದು ವಿಚಾರಿಸಿ. ಮಣ್ಣನ್ನು ಮರದ ಬುಡದಿಂದ ಮೂರು, ನಾಲ್ಕು ಅಡಿ ದೂರದಲ್ಲಿ, ಒಂದು ಅಡಿ ಆಳದವರೆಗೆ ತೆಗೆಯಬೇಕು. ನೀರನ್ನು ನಾಲೆಯಿಂದ ತೆಗೆದಿರೋ ಕೊಳವೆ ಬಾವಿಯಿಂದಲೋ ಎಂಬುದನ್ನು ಬಾಟಲಿಯ ಮೇಲೆ ಬರೆದಿರಲಿ.